ಉದ್ಯೋಗದಾತರ ಗುಂಪು ಆರೋಗ್ಯ ವಿಮೆ: ಪರಿಭಾಷೆ ಮತ್ತು ಬಾಗಲಕೋಟೆ ಸೀಮೆಯ ಬಳಕೆ

ಉದ್ಯೋಗದಾತರ ಗುಂಪು ಆರೋಗ್ಯ ವಿಮೆ ಎಂದರೆ ಒಂದು ಸಂಸ್ಥೆ ತನ್ನ ನೌಕರರಿಗೆ, ಹಲವು ಸಲ ಅವರ ಕುಟುಂಬದವರಿಗೂ ಸೇರಿಸಿ, ಒಂದೇ ಕರಾರಿನಡಿ ಕೊಡಿಸುವ ಆಸ್ಪತ್ರೆ ವೆಚ್ಚದ ರಕ್ಷಣೆ. ಕರಾರು ಆಗುವುದು ಸಂಸ್ಥೆ ಮತ್ತು ವಿಮಾ ಕಂಪನಿಯ ನಡುವೆ. ಅದರ ಫಲ ಉಣ್ಣುವವನು ನೌಕರ. ಸಹಿ ಮಾಡಿದವರು ಒಬ್ಬರು, ಆಸ್ಪತ್ರೆಯ ಬಿಲ್ ಕೌಂಟರಿನ ಮುಂದೆ ನಿಲ್ಲುವವರು ಮತ್ತೊಬ್ಬರು ಆಗಿರುವುದರಿಂದ ಪಾಲಿಸಿಯಲ್ಲಿರುವ ಪದಗಳು ನೌಕರನ ಕಣ್ಣಿಗೆ ಬೀಳುವುದು ಬಹುತೇಕ ಬಿಡುಗಡೆಯ ದಿನವೇ. ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ಲ ಭಾಗದ ಉದ್ಯೋಗ ಸ್ಥಿತಿಯನ್ನು ಮುಂದಿಟ್ಟುಕೊಂಡು ಆ ಪದಗಳನ್ನು ಇಲ್ಲಿ ವಿವರಿಸಲಾಗಿದೆ.

ಉಗಮ

ಸ್ವತಂತ್ರ ಭಾರತದಲ್ಲಿ ನೌಕರರ ಸಾಮೂಹಿಕ ವೈದ್ಯಕೀಯ ರಕ್ಷಣೆಗೆ ಮೊದಲ ದೊಡ್ಡ ಅಡಿಪಾಯ 1948ರ ನೌಕರರ ರಾಜ್ಯ ವಿಮಾ ಕಾಯ್ದೆ. ಇಎಸ್‌ಐ ಎಂದೇ ಪರಿಚಿತವಾದ ಈ ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಗಿ, 1958ರಲ್ಲಿ ಬೆಂಗಳೂರಿಗೆ ಬಂತು. ಇದು ಕಾನೂನಿನ ಒತ್ತಾಯದಿಂದ ಬಂದ ರಕ್ಷಣೆ. ಮಾಲಕರ ಇಷ್ಟಾನಿಷ್ಟಕ್ಕೆ ಇಲ್ಲಿ ಅವಕಾಶವಿರಲಿಲ್ಲ.

ಇಷ್ಟದಿಂದ ಕೊಳ್ಳುವ ವಿಮೆ ತಡವಾಗಿ ಬಂತು. ಸಾಮಾನ್ಯ ವಿಮಾ ವ್ಯವಹಾರದ ರಾಷ್ಟ್ರೀಕರಣದ ಬಳಿಕ ಉಳಿದ ನಾಲ್ಕು ಸರ್ಕಾರಿ ಕಂಪನಿಗಳಾದ ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್ ಮತ್ತು ಯುನೈಟೆಡ್ ಇಂಡಿಯಾ 1986ರಲ್ಲಿ ಮೆಡಿಕ್ಲೇಮ್ ಪಾಲಿಸಿಯನ್ನು ತಂದವು. ಯಾವ ಕಂಪನಿಯ ಆರೋಗ್ಯ ವಿಮೆಯನ್ನಾದರೂ 'ಮೆಡಿಕ್ಲೇಮ್' ಎಂದೇ ಕರೆಯುವ ರೂಢಿ ಇಂದಿಗೂ ಉಳಿದಿದೆ. 1999ರ ಕಾಯ್ದೆಯಂತೆ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ ರೂಪುಗೊಂಡು ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ದಿಗ್ಬಂಧನದ ನಡುವೆ ಕೆಲಸ ಮತ್ತೆ ಆರಂಭಿಸುವ ಸಂಸ್ಥೆಗಳು ಕಾರ್ಮಿಕರಿಗೆ ವೈದ್ಯಕೀಯ ವಿಮೆ ಮಾಡಿಸಬೇಕೆಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿತು. ಅದುವರೆಗೆ ಗುಂಪು ವಿಮೆಯ ಗೊಡವೆಗೇ ಹೋಗದಿದ್ದ ಸಣ್ಣ ಊರುಗಳ ಉದ್ಯಮಗಳಿಗೂ ಈ ಆದೇಶ ಅನ್ವಯಿಸಿತು.

ರಚನೆ ಮತ್ತು ಪಕ್ಷಗಳು

ಸಂಸ್ಥೆಯ ಹೆಸರಿನಲ್ಲಿರುವ ಮೂಲ ಕರಾರಿಗೆ ಮಾಸ್ಟರ್ ಪಾಲಿಸಿ ಎಂದು ಹೆಸರು. ನೌಕರನಿಗೆ ಸಿಗುವುದು ವಿಮಾ ಪ್ರಮಾಣಪತ್ರ ಅಥವಾ ಗುರುತಿನ ಕಾರ್ಡು ಮಾತ್ರ. ಷರತ್ತುಗಳ ಪೂರ್ಣ ಪಠ್ಯ ಇರುವುದು ಮಾಸ್ಟರ್ ಪಾಲಿಸಿಯಲ್ಲಿ. ಕಾರ್ಡಿನ ಮೇಲೆ ಅಚ್ಚಾದ ಮೊತ್ತವನ್ನಷ್ಟೇ ನೋಡಿ ಪೂರ್ತಿ ರಕ್ಷಣೆಯನ್ನು ಅಳೆಯಲಾಗದು. ವಿಮೆ ಪಡೆಯುವ ಉದ್ದೇಶಕ್ಕಾಗಿಯೇ ಒಟ್ಟುಗೂಡಿದ ಜನರನ್ನು ನಿಯಮಗಳು 'ಗುಂಪು' ಎಂದು ಒಪ್ಪುವುದಿಲ್ಲ. ಗುಂಪಿಗೆ ಬೇರೊಂದು ನೆಲೆ ಇರಬೇಕು. ಉದ್ಯೋಗ ಅಂಥ ನೆಲೆಗಳಲ್ಲಿ ಒಂದು, ಸಹಕಾರ ಸಂಘದ ಸದಸ್ಯತ್ವ ಇನ್ನೊಂದು.

ವಿಮಾ ಕಂತು ಅಥವಾ ಪ್ರೀಮಿಯಂ ಎಂದರೆ ರಕ್ಷಣೆಗಾಗಿ ವರ್ಷಕ್ಕೊಮ್ಮೆ ತೆರುವ ಹಣ. ಇದನ್ನು ಸಂಸ್ಥೆಯೇ ಪೂರ್ತಿ ಭರಿಸಬಹುದು. ತಂದೆತಾಯಿಯ ಪಾಲನ್ನು ನೌಕರನ ಸಂಬಳದಲ್ಲಿ ಹಿಡಿಯುವುದೂ ಉಂಟು. ವರ್ಷದ ನಡುವೆ ಸೇರುವವರು ಮತ್ತು ಬಿಡುವವರ ಹೆಸರುಗಳನ್ನು ತಿದ್ದುವ ಪತ್ರಕ್ಕೆ ಎಂಡಾರ್ಸ್‌ಮೆಂಟ್ ಎನ್ನುತ್ತಾರೆ. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನಂತೆ ಹಣ ಕೈಸೇರದೆ ವಿಮಾ ಕಂಪನಿ ಹೊಣೆ ಹೊರುವಂತಿಲ್ಲ. ಆದ್ದರಿಂದ ಹೊಸಬರ ಕಂತಿಗೆಂದು ಸಂಸ್ಥೆಗಳು ಕಂಪನಿಯಲ್ಲಿ ಮುಂಗಡ ಠೇವಣಿ ಇಟ್ಟಿರುತ್ತವೆ. ಠೇವಣಿ ಬರಿದಾಗಿದ್ದರೆ ಹೊಸದಾಗಿ ಸೇರಿದ ನೌಕರನ ಹೆಸರು ಹಾಜರಿ ಪುಸ್ತಕದಲ್ಲಿದ್ದೂ ಪಾಲಿಸಿಯಲ್ಲಿ ಇಲ್ಲದಿರಬಹುದು.

ಮೂರನೆಯ ಪಕ್ಷ ಟಿಪಿಎ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೇಮಿನ ಕಾಗದಪತ್ರ ನೋಡುವ ಮಧ್ಯಸ್ಥ ಸಂಸ್ಥೆ. 2001ರ ನಿಯಮಾವಳಿಯಿಂದ ಇವು ಕಾನೂನುಬದ್ಧವಾದವು. ಟಿಪಿಎ ಹಣದ ಒಡೆಯನಲ್ಲ. ಕ್ಲೇಮು ತಿರಸ್ಕರಿಸುವ ನಿರ್ಧಾರದ ಹೊಣೆ ವಿಮಾ ಕಂಪನಿಯದೇ. ಇವೆರಡರ ಜೊತೆ ದಲ್ಲಾಳಿ, ಅಂದರೆ ವಿಮಾ ಬ್ರೋಕರ್, ಸಂಸ್ಥೆಯ ಪರವಾಗಿ ದರ ಮಾತಾಡುತ್ತಾನೆ.

ರಕ್ಷಣೆಗೆ ಒಳಪಡುವವರು

ಪಾಲಿಸಿಯ ಭಾಷೆಯಲ್ಲಿ ಅವಲಂಬಿತರು ಎಂದರೆ ಗಂಡ ಅಥವಾ ಹೆಂಡತಿ, ನಿಗದಿತ ವಯಸ್ಸಿನವರೆಗಿನ ಮಕ್ಕಳು, ಪಾಲಿಸಿ ಒಪ್ಪಿದಲ್ಲಿ ತಂದೆತಾಯಿ. ಅತ್ತೆಮಾವಂದಿರನ್ನು ಬೇರೆಯಾಗಿ ಹೆಸರಿಸಿರಬೇಕು. ಒಂದೇ ಒಲೆಯಲ್ಲಿ ಉಣ್ಣುವ ಅವಿಭಕ್ತ ಕುಟುಂಬದಲ್ಲಿ ಅಣ್ಣನ ಮಕ್ಕಳು, ವಿಧವೆ ಅತ್ತಿಗೆ ಮೊದಲಾದವರನ್ನು ನೌಕರನೇ ಸಾಕುತ್ತಿದ್ದರೂ ಸಾಮಾನ್ಯ ಪಾಲಿಸಿಯಲ್ಲಿ ಅವರು ಅವಲಂಬಿತರಲ್ಲ. ಈ ಸೀಮೆಯ ಮನೆತನಗಳ ರೂಢಿಗೂ ಪಾಲಿಸಿಯ ವ್ಯಾಖ್ಯೆಗೂ ಹೆಚ್ಚು ಅಂತರ ಕಾಣುವುದು ಇಲ್ಲಿಯೇ.

ವಿಮಾ ಮೊತ್ತ ಎಂದರೆ ಒಂದು ವರ್ಷದಲ್ಲಿ ಕಂಪನಿ ಕೊಡಬಹುದಾದ ಗರಿಷ್ಠ ಹಣ. ಪ್ರತಿಯೊಬ್ಬರಿಗೂ ಬೇರೆ ಬೇರೆ ಮೊತ್ತವಿದ್ದರೆ ಅದು ವೈಯಕ್ತಿಕ ಮೊತ್ತ. ಇಡೀ ಕುಟುಂಬಕ್ಕೆ ಒಂದೇ ಮೊತ್ತವಿದ್ದರೆ ಅದು ಫ್ಯಾಮಿಲಿ ಫ್ಲೋಟರ್. ₹3 ಲಕ್ಷದ ಫ್ಲೋಟರಿನಲ್ಲಿ ತಂದೆಯ ಹೃದಯ ಚಿಕಿತ್ಸೆಗೆ ₹2.5 ಲಕ್ಷ ಹೋದರೆ ಆ ವರ್ಷ ಉಳಿದೆಲ್ಲರಿಗೆ ಸೇರಿ ₹50,000 ಮಾತ್ರ. ಮೊತ್ತ ಮುಗಿದ ಮೇಲೂ ಗಂಭೀರ ಪ್ರಕರಣಗಳಿಗೆಂದು ಸಂಸ್ಥೆ ಕಾಯ್ದಿರಿಸುವ ಸಾಮಾನ್ಯ ನಿಧಿಗೆ ಕಾರ್ಪೊರೇಟ್ ಬಫರ್ ಎಂದು ಹೆಸರು. ಅದನ್ನು ಬಳಸಲು ಸಂಸ್ಥೆಯ ಒಪ್ಪಿಗೆ ಬೇಕು.

ವೆಚ್ಚವನ್ನು ಮಿತಿಗೊಳಿಸುವ ಪದಗಳು

ಕೊಠಡಿ ಬಾಡಿಗೆ ಮಿತಿ ಇವುಗಳಲ್ಲಿ ಮುಖ್ಯವಾದುದು. ಹಲವು ಪಾಲಿಸಿಗಳಲ್ಲಿ ಸಾಮಾನ್ಯ ಕೊಠಡಿಗೆ ದಿನಕ್ಕೆ ವಿಮಾ ಮೊತ್ತದ ಶೇ 1, ತೀವ್ರ ನಿಗಾ ಘಟಕಕ್ಕೆ ಶೇ 2 ಎಂದಿರುತ್ತದೆ. ಇದನ್ನು ಮೀರಿದರೆ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಕೈಯಿಂದ ಕೊಟ್ಟರಾಯಿತು ಎಂಬ ಎಣಿಕೆ ತಪ್ಪು. ಪಾಲಿಸಿಯಲ್ಲಿ ಅನುಪಾತ ಕಡಿತದ ಷರತ್ತು ಇದ್ದರೆ, ಕೊಠಡಿಯ ದರ್ಜೆಗೆ ತಕ್ಕಂತೆ ಏರುವ ವೈದ್ಯರ ಶುಲ್ಕ, ಶುಶ್ರೂಷೆ, ಶಸ್ತ್ರಚಿಕಿತ್ಸಾ ಕೊಠಡಿಯ ವೆಚ್ಚಗಳೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ.

ಉದಾಹರಣೆಗೆ ವಿಮಾ ಮೊತ್ತ ₹3 ಲಕ್ಷ, ಬಾಡಿಗೆ ಮಿತಿ ದಿನಕ್ಕೆ ₹3,000 ಎಂದಿರಲಿ. ರೋಗಿ ₹6,000ದ ಕೊಠಡಿಯಲ್ಲಿ 4 ದಿನ ಇದ್ದರೆ ಬಾಡಿಗೆ ₹24,000. ವೈದ್ಯರು, ಶುಶ್ರೂಷೆ, ಶಸ್ತ್ರಚಿಕಿತ್ಸೆ ಸೇರಿ ₹80,000, ಔಷಧ ಮತ್ತು ತಪಾಸಣೆ ₹40,000 ಆದರೆ ಒಟ್ಟು ಬಿಲ್ ₹1,44,000. ಮಿತಿಯು ಬಾಡಿಗೆಯ ಅರ್ಧದಷ್ಟಿರುವುದರಿಂದ ಬಾಡಿಗೆಯಲ್ಲಿ ₹12,000, ಸಂಬಂಧಿತ ವೆಚ್ಚದಲ್ಲಿ ₹40,000 ಮಾತ್ರ ಒಪ್ಪಿಗೆಯಾಗುತ್ತದೆ. ಔಷಧ, ಒಳಗೆ ಅಳವಡಿಸುವ ಸಾಧನ, ತಪಾಸಣೆಗಳಿಗೆ ಈ ಕಡಿತ ತಟ್ಟಬಾರದೆಂದು ಪ್ರಾಧಿಕಾರದ ನಿಯಮವಿದೆ, ಆದ್ದರಿಂದ ₹40,000 ಪೂರ್ತಿ ಸಿಗುತ್ತದೆ. ಕಂಪನಿಯ ಪಾಲು ₹92,000, ರೋಗಿಯ ಪಾಲು ₹52,000. ದಿನಕ್ಕೆ ₹3,000ದ ವ್ಯತ್ಯಾಸ ನಾಲ್ಕು ದಿನಕ್ಕೆ ₹12,000 ಎಂದುಕೊಂಡಿದ್ದವರಿಗೆ ಇದು ನಾಲ್ಕು ಪಟ್ಟಿಗೂ ಹೆಚ್ಚಿನ ಹೊರೆ. ಕೊಠಡಿ ಯಾವುದಾದರೂ ಚಿಕಿತ್ಸೆಯ ದರ ಒಂದೇ ಆಗಿರುವ ಆಸ್ಪತ್ರೆಗಳಲ್ಲಿ ಈ ಕಡಿತ ಮಾಡುವಂತಿಲ್ಲ. ದರ್ಜೆವಾರು ದರಪಟ್ಟಿ ಇಲ್ಲದ ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದವರು ಈ ಅಂಶವನ್ನು ಮುಂದಿಡಬಹುದು.

ಸಹಪಾವತಿ ಅಥವಾ ಕೋ-ಪೇ ಎಂದರೆ ಒಪ್ಪಿಗೆಯಾದ ಕ್ಲೇಮಿನಲ್ಲಿ ನೌಕರ ಭರಿಸಬೇಕಾದ ಶೇಕಡಾವಾರು ಪಾಲು. ಮೇಲಿನ ಉದಾಹರಣೆಗೆ ಶೇ 10 ಸಹಪಾವತಿ ಸೇರಿದರೆ ಕಂಪನಿ ಕೊಡುವುದು ₹82,800. ತಂದೆತಾಯಿಯ ಕ್ಲೇಮುಗಳಿಗೆ ಈ ಷರತ್ತು ಹೆಚ್ಚು. ಉಪಮಿತಿ ಎಂದರೆ ನಿರ್ದಿಷ್ಟ ಚಿಕಿತ್ಸೆಗೆ ಹಾಕಿದ ಗೆರೆ. ಕಣ್ಣಿನ ಪೊರೆ ಮತ್ತು ಹೆರಿಗೆ ಇದರ ಸಾಮಾನ್ಯ ಉದಾಹರಣೆಗಳು. ಕೈಗವಸು, ನೋಂದಣಿ ಶುಲ್ಕ ಮುಂತಾದವು ಪಾವತಿಯಾಗದ ವಸ್ತುಗಳ ಪಟ್ಟಿಗೆ ಸೇರುತ್ತವೆ.

ಕಡಿತ ಮೊತ್ತ ಅಥವಾ ಡಿಡಕ್ಟಿಬಲ್ ಎಂದರೆ ವಿಮೆಯ ಹೊಣೆ ಆರಂಭವಾಗುವ ಮೊದಲು ಮೀರಬೇಕಾದ ಮೊತ್ತ. ಗುಂಪು ವಿಮೆಯ ಮೇಲೆ ನೌಕರರು ತಾವಾಗಿ ಕೊಳ್ಳುವ ಟಾಪ್-ಅಪ್ ಪಾಲಿಸಿಗಳಲ್ಲಿ ಇದು ಕಾಣುತ್ತದೆ. ₹3 ಲಕ್ಷ ಕಡಿತ ಮೊತ್ತವಿರುವಾಗ ಒಂದೇ ವರ್ಷದಲ್ಲಿ ₹2 ಲಕ್ಷದ ಎರಡು ದಾಖಲಾತಿಗಳಾದರೆ ಟಾಪ್-ಅಪ್ ಏನೂ ಕೊಡುವುದಿಲ್ಲ, ಏಕೆಂದರೆ ಅದು ಪ್ರತಿ ದಾಖಲಾತಿಯನ್ನು ಬೇರೆಯಾಗಿ ಎಣಿಸುತ್ತದೆ. ವರ್ಷದ ಒಟ್ಟು ವೆಚ್ಚವನ್ನು ಕೂಡಿಸುವ ಸೂಪರ್ ಟಾಪ್-ಅಪ್ ₹1 ಲಕ್ಷ ಕೊಡುತ್ತದೆ.

ಕಾಲಕ್ಕೆ ಸಂಬಂಧಿಸಿದ ಪದಗಳು

ಕಾಯುವ ಅವಧಿ ಎಂದರೆ ಪಾಲಿಸಿ ಆರಂಭವಾಗಿದ್ದರೂ ಕೆಲವು ಕಾಯಿಲೆಗಳಿಗೆ ಹಣ ಸಿಗದ ಕಾಲ. ವೈಯಕ್ತಿಕ ಪಾಲಿಸಿಗಳಲ್ಲಿ ಅಪಘಾತ ಬಿಟ್ಟು ಉಳಿದವಕ್ಕೆ ಮೊದಲ 30 ದಿನ, ಹರ್ನಿಯಾ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು ಮುಂತಾದ ಗೊತ್ತುಪಡಿಸಿದ ಕಾಯಿಲೆಗಳಿಗೆ ಸಾಮಾನ್ಯವಾಗಿ 24 ತಿಂಗಳು. ಪಾಲಿಸಿಗೆ ಮುಂಚೆಯೇ ಪತ್ತೆಯಾಗಿದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಾದ ಪೂರ್ವಸ್ಥಿತ ಕಾಯಿಲೆಗಳಿಗೆ ಈ ಅವಧಿ ಗರಿಷ್ಠ 48 ತಿಂಗಳಿತ್ತು. 2024ರ ನಿಯಮಾವಳಿ ಅದನ್ನು 36 ತಿಂಗಳಿಗೆ ಇಳಿಸಿತು. ಉದ್ಯೋಗದಾತರ ಗುಂಪು ವಿಮೆಯಲ್ಲಿ ಈ ಮೂರನ್ನೂ ಮನ್ನಾ ಮಾಡಿಸಿಕೊಳ್ಳುವುದು ವಾಡಿಕೆ. ಗುಂಪು ವಿಮೆಯ ನಿಜವಾದ ಬೆಲೆ ಇರುವುದು ಕಡಿಮೆ ಕಂತಿನಲ್ಲಿ ಅಷ್ಟಲ್ಲ, ಈ ಮನ್ನಾದಲ್ಲಿ. ಆದರೆ ಅದು ಹಕ್ಕಲ್ಲ, ಕರಾರಿನ ಷರತ್ತು. ಮಾಸ್ಟರ್ ಪಾಲಿಸಿಯಲ್ಲಿ ಬರೆದಿದ್ದರೆ ಮಾತ್ರ ಉಂಟು.

ಒಳರೋಗಿ ಚಿಕಿತ್ಸೆ ಎಂದು ಪರಿಗಣಿಸಲು ಸಾಮಾನ್ಯವಾಗಿ 24 ಗಂಟೆ ದಾಖಲಾಗಿರಬೇಕು. ಡಯಾಲಿಸಿಸ್, ಕಿಮೋಥೆರಪಿ, ಕಣ್ಣಿನ ಪೊರೆ ತೆಗೆಯುವಿಕೆಯಂತಹ ಬೇಗ ಮುಗಿಯುವ ಚಿಕಿತ್ಸೆಗಳು ಡೇ-ಕೇರ್ ಪಟ್ಟಿಯಲ್ಲಿದ್ದು ಈ ಷರತ್ತಿನಿಂದ ಹೊರಗಿವೆ. ದಾಖಲಾಗುವ ಮುಂಚಿನ 30 ದಿನ, ಬಿಡುಗಡೆಯಾದ ನಂತರದ 60 ದಿನಗಳಲ್ಲಿ ಅದೇ ಕಾಯಿಲೆಗೆ ಆದ ಔಷಧ, ತಪಾಸಣೆಯ ಖರ್ಚನ್ನೂ ಹೆಚ್ಚಿನ ಪಾಲಿಸಿಗಳು ಕೊಡುತ್ತವೆ. ಚಿಕಿತ್ಸೆಗೆಂದು ಹುಬ್ಬಳ್ಳಿಗೆ ಹೋಗುವ ಮುನ್ನ ಊರಿನ ಲ್ಯಾಬಿನಲ್ಲಿ ಮಾಡಿಸಿದ ಸ್ಕ್ಯಾನಿನ ರಸೀದಿಯೂ ಇದರಲ್ಲಿ ಸೇರುತ್ತದೆ. ರಸೀದಿ ಜೋಪಾನವಾಗಿರಬೇಕಷ್ಟೆ.

ಕೆಲಸ ಬಿಟ್ಟ ದಿನ ಅಥವಾ ನಿವೃತ್ತಿಯ ದಿನ ಗುಂಪು ರಕ್ಷಣೆ ನಿಲ್ಲುತ್ತದೆ. ಆಗ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶಕ್ಕೆ ಮೈಗ್ರೇಷನ್ ಎಂದು ಹೆಸರು. ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತವೆ.

ಆಸ್ಪತ್ರೆ ಮತ್ತು ಕ್ಲೇಮು

ಪಾಲಿಸಿಯ 'ಆಸ್ಪತ್ರೆ'ಗೆ ಪ್ರಾಧಿಕಾರದ ಪ್ರಮಾಣಿತ ವ್ಯಾಖ್ಯೆಯಿದೆ. ದಿನವಿಡೀ ಅರ್ಹ ವೈದ್ಯರು ಮತ್ತು ದಾದಿಯರು, ಸ್ವಂತ ಶಸ್ತ್ರಚಿಕಿತ್ಸಾ ಕೊಠಡಿ, ರೋಗಿಗಳ ದಿನವಹಿ ದಾಖಲೆ ಅದರ ಮಾನದಂಡಗಳಲ್ಲಿ ಸೇರಿವೆ. ಒಳರೋಗಿ ಹಾಸಿಗೆಗಳು 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ ಕನಿಷ್ಠ 10, ಉಳಿದೆಡೆ 15 ಇರಬೇಕು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ನಾಲ್ಕಕ್ಕೂ ಅನ್ವಯಿಸುವುದು 10 ಹಾಸಿಗೆಯ ಅಳತೆ. ಐದಾರು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಚಿಕಿತ್ಸೆ ಎಷ್ಟೇ ಚೆನ್ನಾಗಿ ಆಗಿದ್ದರೂ ಈ ಕಾರಣಕ್ಕೆ ಕ್ಲೇಮು ತಕರಾರಿಗೆ ಸಿಲುಕಬಹುದು.

ವಿಮಾ ಕಂಪನಿ ಅಥವಾ ಟಿಪಿಎ ಜೊತೆ ದರ ಒಪ್ಪಂದವಿರುವ ಆಸ್ಪತ್ರೆಗೆ ನೆಟ್‌ವರ್ಕ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ ಕಂಪನಿಯೇ ಬಿಲ್ ಕಟ್ಟುವ ವ್ಯವಸ್ಥೆ ಕ್ಯಾಶ್‌ಲೆಸ್. ನೌಕರ ಮೊದಲು ಹಣ ಕಟ್ಟಿ ಕಾಗದಪತ್ರ ಸಲ್ಲಿಸಿ ಪಡೆಯುವುದು ಮರುಪಾವತಿ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆ ಇವೆ. ದೊಡ್ಡ ಚಿಕಿತ್ಸೆಗೆ ಜನ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಯಪುರಕ್ಕೆ, ಕೆಲವರು ಸೊಲ್ಲಾಪುರಕ್ಕೂ ಹೋಗುವುದರಿಂದ, ನೆಟ್‌ವರ್ಕ್ ಪಟ್ಟಿಯನ್ನು ಈ ಊರುಗಳ ಹೆಸರಿನಲ್ಲೂ ನೋಡಬೇಕಾಗುತ್ತದೆ. ನೆಟ್‌ವರ್ಕಿನ ಹೊರಗೂ ಕ್ಯಾಶ್‌ಲೆಸ್ ದೊರೆಯಲೆಂದು ಸಾಮಾನ್ಯ ವಿಮಾ ಮಂಡಳಿ 2024ರ ಜನವರಿ 25ರಂದು ಹೊಸ ವ್ಯವಸ್ಥೆ ಪ್ರಕಟಿಸಿತು. ಯೋಜಿತ ಚಿಕಿತ್ಸೆಗೆ 48 ಗಂಟೆ ಮುಂಚೆ, ತುರ್ತು ಸಂದರ್ಭದಲ್ಲಿ ದಾಖಲಾದ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕೆಂಬುದು ಅದರ ಷರತ್ತು. 2024ರ ಮೇ 29ರ ಪ್ರಾಧಿಕಾರದ ಸುತ್ತೋಲೆಯಂತೆ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯಲ್ಲಿ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಉತ್ತರ ಕೊಡಬೇಕು.

ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗ, ಬಳಿಕ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ. ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ತೆರೆದಿದೆ.

ಬಗೆಗಳು

ಶಾಸನಬದ್ಧ ಬಗೆಯಲ್ಲಿ ಇಎಸ್‌ಐ ಪ್ರಧಾನ. 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ, 2017ರ ಜನವರಿ 1ರಿಂದ ಜಾರಿಯಾದ ಮಿತಿಯಂತೆ ತಿಂಗಳಿಗೆ ₹21,000ವರೆಗಿನ ವೇತನದವರಿಗೆ ಇದು ಅನ್ವಯಿಸುತ್ತದೆ. 2019ರ ಜುಲೈ 1ರಿಂದ ವಂತಿಗೆ ಮಾಲಕರದು ಶೇ 3.25, ನೌಕರರದು ಶೇ 0.75. ತಿಂಗಳಿಗೆ ₹15,000 ವೇತನಕ್ಕೆ ನೌಕರನ ಪಾಲು ₹112.50, ಮಾಲಕರದು ₹487.50. ಖಾಸಗಿ ವಿಮೆ ಮುಟ್ಟದ ಒಂದನ್ನು ಇದು ಕೊಡುತ್ತದೆ: ಹೋದ ಕೂಲಿ. ಅನಾರೋಗ್ಯ ಸೌಲಭ್ಯವಾಗಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70, ಹೆರಿಗೆಗೆ 26 ವಾರಗಳ ವೇತನ ದೊರೆಯುತ್ತದೆ. ವಂತಿಗೆ ಅವಧಿ ಏಪ್ರಿಲ್–ಸೆಪ್ಟೆಂಬರ್ ಆದರೆ ಅದರ ಸೌಲಭ್ಯ ಅವಧಿ ಮುಂದಿನ ಜನವರಿ–ಜೂನ್. ಈ ಭಾಗಕ್ಕೆ ಸಮೀಪದ ಇಎಸ್‌ಐ ಆಸ್ಪತ್ರೆಗಳಿರುವುದು ಹುಬ್ಬಳ್ಳಿ ಮತ್ತು ಬೆಳಗಾವಿಯಲ್ಲಿ.

ವೇತನ ಮಿತಿ ಮೀರಿದವರಿಗೆ ಸಂಸ್ಥೆಗಳು ಕೊಳ್ಳುವುದೇ ಗುಂಪು ಮೆಡಿಕ್ಲೇಮ್. ಒಂದೇ ಕಾರ್ಖಾನೆಯಲ್ಲಿ ಯಂತ್ರದ ಕೆಲಸಗಾರ ಇಎಸ್‌ಐನಲ್ಲೂ ಮೇಲ್ವಿಚಾರಕ ಮೆಡಿಕ್ಲೇಮಿನಲ್ಲೂ ಇರುವುದುಂಟು.

ರಾಜ್ಯ ಸರ್ಕಾರಿ ನೌಕರರದು ಮೂರನೆಯ ಬಗೆ. ಆಯ್ದ ತಜ್ಞ ಚಿಕಿತ್ಸೆಗಳಿಗೆ ಸೀಮಿತವಾಗಿದ್ದ ಜ್ಯೋತಿ ಸಂಜೀವಿನಿಯ ಬಳಿಕ 2025ರ ಅಕ್ಟೋಬರ್ 1ರಿಂದ ಕರ್ನಾಟಕ ಆರೋಗ್ಯ ಸಂಜೀವಿನಿ ಜಾರಿಗೆ ಬಂತು. ತಿಂಗಳ ವಂತಿಗೆ ಎ ಗುಂಪಿಗೆ ₹1,000, ಬಿ ಗುಂಪಿಗೆ ₹500, ಸಿ ಗುಂಪಿಗೆ ₹350, ಡಿ ಗುಂಪಿಗೆ ₹250. ಬಾಗಲಕೋಟೆಯ ನವನಗರದ ಕಚೇರಿಗಳ ಸಿಬ್ಬಂದಿಯೂ ತಾಲ್ಲೂಕುಗಳ ಸರ್ಕಾರಿ ಶಾಲಾ ಶಿಕ್ಷಕರೂ ಇದರ ವ್ಯಾಪ್ತಿಯವರು. ಇಲ್ಲಿ ವಿಮಾ ಕಂಪನಿಯಿಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರವೇ ಹೊಣೆ ಹೊರುತ್ತದೆ.

ಜಿಲ್ಲೆಯಲ್ಲಿ ಬಳಕೆ

1997ರ ಆಗಸ್ಟ್ 15ರಂದು ಆಗಿನ ವಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯಲ್ಲಿ ಸಿಮೆಂಟು ಮತ್ತು ಸಕ್ಕರೆ ಕಾರ್ಖಾನೆಗಳು, ಶಿಕ್ಷಣ ಸಂಸ್ಥೆಗಳು ಗುಂಪು ವಿಮೆಗೆ ಹೊಂದುವ ದೊಡ್ಡ ಉದ್ಯೋಗದಾತರು. ಸಕ್ಕರೆ ಕಾರ್ಖಾನೆಯ ಹಂಗಾಮಿ ನೌಕರರಿಗೆ ವರ್ಷಪೂರ್ತಿ ರಕ್ಷಣೆ ಇದೆಯೇ, ಕಬ್ಬು ನುರಿಸುವ ತಿಂಗಳುಗಳಿಗೆ ಮಾತ್ರವೇ ಎಂಬುದು ಮಾಸ್ಟರ್ ಪಾಲಿಸಿಯಲ್ಲಿನ ಅರ್ಹ ನೌಕರನ ವ್ಯಾಖ್ಯೆಯನ್ನು ಅವಲಂಬಿಸಿದೆ. ಬಾದಾಮಿಯ ಪ್ರವಾಸೋದ್ಯಮದಲ್ಲಿ ಹೋಟೆಲುಗಳು ಮುಖ್ಯ. ಹತ್ತು ನೌಕರರ ಗೆರೆ ಮುಟ್ಟದ ಹೋಟೆಲು ಇಎಸ್‌ಐ ಕಡ್ಡಾಯದಿಂದ ಹೊರಗುಳಿಯುತ್ತದೆ.

ಇಳಕಲ್ಲ ಮತ್ತು ಹುನಗುಂದ ಸುತ್ತಿನ ಗ್ರಾನೈಟ್ ಗಣಿ ಹಾಗೂ ಪಾಲಿಶ್ ಘಟಕಗಳಲ್ಲಿ ಎರಡು ಬೇರೆ ಪರಿಕಲ್ಪನೆಗಳನ್ನು ಬಿಡಿಸಿ ನೋಡಬೇಕು. ಕೆಲಸದಲ್ಲಿ ಆದ ಗಾಯ, ಸಾವು, ಅಂಗವೈಕಲ್ಯಕ್ಕೆ ಮಾಲಕ ಕೊಡಬೇಕಾದ ಪರಿಹಾರವನ್ನು ಭರಿಸುವುದು ನೌಕರರ ಪರಿಹಾರ ವಿಮೆ. ಆಸ್ಪತ್ರೆ ಬಿಲ್ಲನ್ನು ಭರಿಸುವುದು ಗುಂಪು ಆರೋಗ್ಯ ವಿಮೆ. ಒಂದು ಇದ್ದರೆ ಇನ್ನೊಂದು ಇದ್ದಂತಲ್ಲ. ಕಲ್ಲಿನ ದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್, 1948ರ ಇಎಸ್‌ಐ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಔದ್ಯೋಗಿಕ ಕಾಯಿಲೆಯಾಗಿ ಹೆಸರಿಸಲ್ಪಟ್ಟಿತ್ತು. ಅದನ್ನು ಉದ್ಯೋಗದ ಗಾಯವೆಂದೇ ಪರಿಗಣಿಸಿ ಅಂಗವೈಕಲ್ಯ ಸೌಲಭ್ಯ ಕೊಡಬಹುದು. ಖಾಸಗಿ ಗುಂಪು ಪಾಲಿಸಿಗೆ ಅದು ಉಳಿದ ಕಾಯಿಲೆಗಳಂತೆ ಒಂದು ಕಾಯಿಲೆ. ದಾಖಲಾದ ದಿನಗಳ ಬಿಲ್ ಹೊರತು ಬೇರೇನೂ ಇಲ್ಲ.

ಪ್ರಸ್ತುತ ಸ್ಥಿತಿ

2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಇಎಸ್‌ಐ ಕಾಯ್ದೆಯನ್ನೂ ನೌಕರರ ಪರಿಹಾರ ಕಾಯ್ದೆಯನ್ನೂ ಒಳಗೊಂಡಿದೆ. ಹತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳು ಸ್ವಇಚ್ಛೆಯಿಂದ ಇಎಸ್‌ಐಗೆ ಸೇರಬಹುದು. ಕೇಂದ್ರ ಸರ್ಕಾರ ಅಪಾಯಕಾರಿ ಎಂದು ಅಧಿಸೂಚಿಸಿದ ಉದ್ಯೋಗದಲ್ಲಿ ಒಬ್ಬನೇ ನೌಕರನಿದ್ದರೂ ಇಎಸ್‌ಐ ಅನ್ವಯಿಸಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಕಂತಿಗೆ ಜಿಎಸ್‌ಟಿ ವಿನಾಯಿತಿ ಸಿಕ್ಕಿತು. ಗುಂಪು ಪಾಲಿಸಿಗಳಿಗೆ ಶೇ 18 ಹಾಗೆಯೇ ಉಳಿಯಿತು. ನವೀಕರಣದ ಕಂತನ್ನು ಹಿಂದಿನ ವರ್ಷದ ಕ್ಲೇಮು ಅನುಪಾತ ನಿರ್ಧರಿಸುತ್ತದೆ. ₹10 ಲಕ್ಷ ಕಂತಿಗೆ ₹9 ಲಕ್ಷದ ಕ್ಲೇಮುಗಳಾಗಿದ್ದರೆ ಅನುಪಾತ ಶೇ 90. ಅದು ಹೆಚ್ಚಿದಾಗ ಸಂಸ್ಥೆಗಳು ಕಂತು ಏರಿಸಿಕೊಳ್ಳುತ್ತವೆ, ಇಲ್ಲವೆ ಸಹಪಾವತಿ, ಉಪಮಿತಿಗಳನ್ನು ಸೇರಿಸಿಕೊಳ್ಳುತ್ತವೆ. ಆದ್ದರಿಂದ ಕಾರ್ಡಿನ ಮೇಲಿನ ಮೊತ್ತ ಬದಲಾಗದಿದ್ದರೂ ರಕ್ಷಣೆ ಕುಗ್ಗಿರಬಹುದು.

ಉದ್ಯೋಗದಾತ ಎಂಬ ಪದವೇ ಸ್ಪಷ್ಟವಾಗಿ ಹೊಂದದ ದೊಡ್ಡ ವರ್ಗ ಇಳಕಲ್ಲ, ಗುಳೇದಗುಡ್ಡ, ಸೂಳೇಬಾವಿ, ಕಮತಗಿಗಳ ನೇಕಾರರದು. ಸಾವಕಾರರಿಂದ ನೂಲು ತಂದು ಮನೆಯ ಮಗ್ಗದಲ್ಲಿ ನೇಯ್ದು ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ, ಹಾಗಾಗಿ ಮಾಸ್ಟರ್ ಪಾಲಿಸಿಯಲ್ಲೂ ಇಲ್ಲ. 2005ರಲ್ಲಿ ಕೇಂದ್ರ ಜವಳಿ ಸಚಿವಾಲಯ ಐಸಿಐಸಿಐ ಲೊಂಬಾರ್ಡ್ ಮೂಲಕ ಕೈಮಗ್ಗ ನೇಕಾರರಿಗೆ ಪ್ರತ್ಯೇಕ ಗುಂಪು ಯೋಜನೆ ತಂದಿತು. ನಾಲ್ವರ ಕುಟುಂಬಕ್ಕೆ ವರ್ಷಕ್ಕೆ ₹15,000ದ ರಕ್ಷಣೆ. ಅದರಲ್ಲಿ ₹7,500 ಹೊರರೋಗಿ ಚಿಕಿತ್ಸೆಗೆ. ಇಂದಿನ ಗುಂಪು ಪಾಲಿಸಿಗಳಲ್ಲೂ ವಿರಳವಾದ ಹೊರರೋಗಿ ಸೌಲಭ್ಯ ಅದರಲ್ಲಿತ್ತು. ಆ ಯೋಜನೆ ನಿಂತಿದೆ. ಈಗ ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರ ಜೂನ್ 1ರಿಂದ ಜಾರಿಯಲ್ಲಿದ್ದು 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾದ ಇದು 2023ರ ಜನವರಿ 1ರಿಂದ ಮರುಜಾರಿಯಾಯಿತು. ಗ್ರಾಮೀಣ ಸಂಘದ ನಾಲ್ವರ ಕುಟುಂಬಕ್ಕೆ ವಂತಿಗೆ ₹500, ನಗರದ ಸಂಘಕ್ಕೆ ₹1,000, ವರ್ಷದ ಮಿತಿ ₹5 ಲಕ್ಷ. ಸಂಘದಲ್ಲಿಲ್ಲದ ಕೂಲಿ ನೇಕಾರನಿಗೆ ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕಾರ್ಡಿದ್ದರೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ ಶೇ 30, ಅದೂ ವರ್ಷಕ್ಕೆ ₹1.5 ಲಕ್ಷದ ಮಿತಿಯೊಳಗೆ; ಉಳಿದ ಶೇ 70 ಅವನ ಸಹಪಾವತಿ.